ಜರ್ಮನಿಯಿಂದ ಏನು ತರಲಿ, ಬಟ್ಟೆ ಅಲ್ಲಿ ಕೊಳ್ಳಬಹುದೇ, ತೆರಿಗೆ ವಾಪಸ್ ಪಡೆಯುವುದು ಹೇಗೆ?

ಡಿಸೆಂಬರ್ ಎರಡನೇ ವಾರ ಫ್ರಾಂಕ್‌ಫರ್ಟ್, ಬ್ಲ್ಯಾಕ್ ಫಾರೆಸ್ಟ್, ನ್ಯೂರೆಂಬರ್ಗ್ ನೋಡಿಕೊಂಡು ಬೆಂಗಳೂರಿಗೆ ಮರಳುತ್ತೀರಿ, ಮನೆಯಲ್ಲಿ ಎಲ್ಲರೂ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ ಎಂದಿದ್ದೀರಿ. ಹಾಗಿದ್ದರೆ ಬೇಡದ್ದನ್ನೇ ಮೊದಲು ಹೇಳಿಬಿಡುತ್ತೇನೆ. ನಿವಿಯಾ, ಲಾಮಿ ಪೆನ್ನು, ಫೇಬರ್-ಕ್ಯಾಸೆಲ್ ಪೆನ್ಸಿಲ್ ಎಲ್ಲ ಬೆಂಗಳೂರಿನಲ್ಲೇ ಸಿಗುತ್ತವೆ. ಸೂಟ್‌ಕೇಸಿನ ಜಾಗ ಊರಿನಲ್ಲಿ ಸಿಗದ ವಸ್ತುವಿಗೆ ಇರಲಿ.

ಬ್ಲ್ಯಾಕ್ ಫಾರೆಸ್ಟ್‌ಗೆ ಹೋಗುತ್ತೀರಿ ಎಂದಮೇಲೆ ಹಕ್ಕಿ ಹೊರಬಂದು ಕೂಗುವ ಕುಕ್ಕೂ ಗಡಿಯಾರ ನೋಡದೆ ಬರುವುದಿಲ್ಲ. ಟ್ರಿಬರ್ಗ್‌ನ ಅಂಗಡಿಗಳಲ್ಲಿ ಒಂದೇ ಗೋಡೆಯ ಮೇಲೆ ಎರಡು ಜಾತಿ ನೇತಾಡುತ್ತಿರುತ್ತವೆ: ಬ್ಯಾಟರಿಯವು, ಯಂತ್ರದವು. ಬ್ಯಾಟರಿಯದರಲ್ಲಿ ಸರಪಳಿ, ತೂಕ ಎಲ್ಲ ಬರೀ ಅಲಂಕಾರ. ಯಂತ್ರದ್ದೇ ಬೇಕೆಂದರೆ 'ವಿಡಿಎಸ್' ಪ್ರಮಾಣಪತ್ರ ಕೇಳಿ. ಅದು ಅಲ್ಲಿನ ಗಡಿಯಾರ ತಯಾರಕರ ಸಂಘ ಕೊಡುವಂಥದ್ದು, ಬ್ಯಾಟರಿ ಗಡಿಯಾರಕ್ಕೆ ಸಿಗುವುದಿಲ್ಲ. ಯಂತ್ರದ್ದರಲ್ಲೂ ದಿನಕ್ಕೊಮ್ಮೆ ಸರಪಳಿ ಎಳೆಯುವುದು, ಎಂಟು ದಿನಕ್ಕೊಮ್ಮೆ ಎಳೆಯುವುದು ಎಂದು ಎರಡು ಬಗೆ. ಎಂಟು ದಿನದ್ದು ಅನುಕೂಲ, ಆದರೆ ಪೈನ್ ಕಾಯಿಯ ಆಕಾರದ ಅದರ ಕಬ್ಬಿಣದ ತೂಕಗಳು ಒಂದೊಂದೂ ಕಿಲೋ ದಾಟುತ್ತವೆ. ಹಾಡು ಬರುವ ಮಾದರಿಯಾದರೆ ಅಂಥವು ಮೂರು. ಲಗೇಜಿನ ಲೆಕ್ಕ ಹಾಕಿದರೆ, ನೇತುಬೀಳುವ ತೂಕ ಒಂದೊಂದೂ ಸುಮಾರು ಮುನ್ನೂರು ಗ್ರಾಂ ಬರುವ ಒಂದು ದಿನದ್ದೇ ವಾಸಿ.

ಮನೆಗೆ ತಂದ ಮೇಲೆ ಹಾಳಾಗುವುದು ಹೆಚ್ಚಾಗಿ ಒಂದೇ ತಪ್ಪಿನಿಂದ. ಗಡಿಯಾರದ ತಳದಲ್ಲಿ ಸರಪಳಿಗಳ ಕೊಂಡಿಗೆ ಒಂದು ತಂತಿ ಪೋಣಿಸಿರುತ್ತಾರೆ. ಗಡಿಯಾರ ಮೇಜಿನ ಮೇಲೆ ಮಲಗಿರುವಾಗಲೇ ಅದನ್ನು ಎಳೆದುಬಿಟ್ಟರೆ ಸರಪಳಿ ಒಳಗಿನ ಹಲ್ಲುಗಾಲಿಯಿಂದ ಕಳಚಿಕೊಳ್ಳುತ್ತದೆ. ಆಮೇಲೆ ಬಿಚ್ಚಿ ಕೂರಿಸಬಲ್ಲ ರಿಪೇರಿಯವರನ್ನು ಹುಡುಕಿಕೊಂಡು ಅಲೆಯಬೇಕು. ಮೊದಲು ಗೋಡೆಗೆ ತೂಗುಹಾಕಿ, ತೂಕ ಸಿಕ್ಕಿಸಿ, ನಂತರ ತಂತಿ ತೆಗೆಯಿರಿ. ಒಳಗೆ ಎರಡು ಪುಟ್ಟ ತಿದಿಗಳಿವೆ. 'ಕುಕ್' ಒಂದರಿಂದ, 'ಕೂ' ಇನ್ನೊಂದರಿಂದ. ಪ್ರಯಾಣದಲ್ಲಿ ಅಲುಗಾಡದಂತೆ ಅವಕ್ಕೆ ಕ್ಲಿಪ್ಪೋ ಕಾಗದವೋ ಸಿಕ್ಕಿಸಿದ್ದರೆ ಅದನ್ನೂ, ಹಕ್ಕಿಯ ಬಾಗಿಲಿನ ಚಿಲಕವನ್ನೂ ತೆಗೆಯದೆ ಹಕ್ಕಿ ಕೂಗುವುದಿಲ್ಲ. ಟಿಕ್-ಟಾಕ್ ಸಮನಾಗಿ ಕೇಳಿಸುವವರೆಗೆ ಗಡಿಯಾರವನ್ನು ಎಡಕ್ಕೋ ಬಲಕ್ಕೋ ಕೂದಲೆಳೆಯಷ್ಟು ವಾಲಿಸಿ. ಮುಂದೆ ಓಡುತ್ತಿದ್ದರೆ ಲೋಲಕದ ಮೇಲಿನ ಎಲೆಯಾಕಾರದ ಬಿಲ್ಲೆಯನ್ನು ಸ್ವಲ್ಪ ಕೆಳಕ್ಕೆ ಜಾರಿಸಿ.

ಅಡುಗೆಮನೆಗೆ ಜೋಲಿಂಗೆನ್ ಚಾಕು ಒಳ್ಳೆಯ ಉಡುಗೊರೆ. ಮುಖ್ಯ ಕೆಲಸವೆಲ್ಲ ಆ ಊರಿನ ವ್ಯಾಪ್ತಿಯಲ್ಲಿ ನಡೆದಿದ್ದರೆ ಮಾತ್ರ ಅಲಗಿನ ಮೇಲೆ 'ಜೋಲಿಂಗೆನ್' ಎಂದು ಕೊರೆಯಲು ಅಲ್ಲಿನ ಕಾನೂನು ಬಿಡುತ್ತದೆ. ಇಬ್ಬರು ಮನುಷ್ಯರ ಗುರುತಿದ್ದರೆ ಅದು ಜ್ವಿಲ್ಲಿಂಗ್. ಒಬ್ಬನೇ ಇದ್ದರೆ ಅದೇ ಕಂಪನಿಯ ಅಗ್ಗದ ಸಾಲು. ಚಾಕು ಚೆಕ್-ಇನ್ ಬ್ಯಾಗಿನಲ್ಲೇ ಇರಬೇಕು.

ತಿಂಡಿಯಲ್ಲಿ ಎಚ್ಚರ. ನ್ಯೂರೆಂಬರ್ಗಿನ ಲೇಬ್‌ಕೂಖನ್ ಎಂಬ ಮಸಾಲೆ ಬಿಸ್ಕತ್ತಿನಂಥ ತಿಂಡಿಯಲ್ಲಿ ಮೇಲ್ದರ್ಜೆಯದು 'ಎಲೀಸೆನ್': ಕನಿಷ್ಠ 25% ಬೀಜಗಳು, ಹಿಟ್ಟು 10%ಕ್ಕಿಂತ ಹೆಚ್ಚಿಲ್ಲ. ಆದರೆ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ, ಹಾಗಾಗಿ ನಿಮ್ಮ ಮನೆಗೆ ಆಗದು. ಪೊಟ್ಟಣದ ಹಿಂದೆ 'ಐವೈಸ್' ಎಂಬ ಪದ ಗೊಂದಲ ಮಾಡುತ್ತದೆ. ಪೌಷ್ಟಿಕಾಂಶದ ಕೋಷ್ಟಕದಲ್ಲಿದ್ದರೆ ಅದರರ್ಥ ಬರೀ ಪ್ರೋಟೀನ್. 'ಜುಟಾಟೆನ್' ಎಂಬ ಪದಾರ್ಥಗಳ ಪಟ್ಟಿಯಲ್ಲಿ 'ಹ್ಯೂನರ್-ಐವೈಸ್' ಎಂದಿದ್ದರೆ ಕೋಳಿಮೊಟ್ಟೆಯ ಬಿಳಿ, 'ಫೋಲ್-ಐ' ಎಂದಿದ್ದರೆ ಇಡೀ ಮೊಟ್ಟೆ. ಹರಿಬೊ ಥರದ ಜೆಲ್ಲಿ ಮಿಠಾಯಿಯಲ್ಲಿ 'ಗೆಲಾಟೀನೆ' ಇದ್ದೀತು, ಅದು ಪ್ರಾಣಿಜನ್ಯ. ಚಾಕೊಲೇಟಿನಲ್ಲಿ 'ಆಲ್ಕೊಹಾಲ್', 'ವೈನ್‌ಬ್ರಾಂಟ್' ಕಂಡರೆ ಮಕ್ಕಳ ಕೈಗೆ ಕೊಡಬೇಡಿ.

ಬಟ್ಟೆಯ ವಿಷಯ. ದೊಡ್ಡ ರಿಯಾಯಿತಿ ಬರುವುದು ಜನವರಿ ಕೊನೆಗೆ ಮತ್ತು ಜುಲೈ ಕೊನೆಗೆ, ಹಾಗಾಗಿ ಡಿಸೆಂಬರ್‌ನಲ್ಲಿ ಔಟ್‌ಲೆಟ್ಟೇ ದಾರಿ. ನ್ಯೂರೆಂಬರ್ಗಿನಿಂದ ಎರ್ಲಾಂಗೆನ್‌ವರೆಗೆ ರೈಲು, ಅಲ್ಲಿಂದ ಬಸ್ಸಿನಲ್ಲಿ ಹೆರ್ಟ್ಸೋಗೆನ್‌ಔರಾಖ್. ಅಡಿಡಾಸ್, ಪ್ಯೂಮಾ ಎರಡೂ ಹುಟ್ಟಿದ ಊರು, ಎರಡರ ಔಟ್‌ಲೆಟ್ಟೂ ಅಲ್ಲಿವೆ. ಶೂ ಮೇಲೆ ವಿಯೆಟ್ನಾಂ ಎಂದು ಬರೆದಿದ್ದರೆ ಬೇಸರ ಮಾಡಿಕೊಳ್ಳಬೇಡಿ! ಗಂಡಸರ ಜಾಕೆಟ್ ಅಳತೆ ಎಂದರೆ ಎದೆಯ ಸುತ್ತಳತೆಯ ಅರ್ಧ, ಸೆಂಟಿಮೀಟರಿನಲ್ಲಿ. ಎದೆ 96 ಆದರೆ 48, ನಮ್ಮಲ್ಲಿ 38 ಎನ್ನುವುದು. ಹೆಂಗಸರ ಜರ್ಮನ್ 38 ಎಂದರೆ ಬ್ರಿಟಿಷ್ 12. ಅದೇ ಉಡುಪಿನ ಮೇಲೆ ಫ್ರೆಂಚ್ ಅಳತೆ 40 ಎಂದಿರುತ್ತದೆ, ಚೀಟಿಯಲ್ಲಿ 'ಡಿ' ಅಕ್ಷರದ ಮುಂದಿನ ಅಂಕಿ ನೋಡಿ. ಬಿರ್ಕೆನ್‌ಸ್ಟಾಕ್ ಚಪ್ಪಲಿಯಲ್ಲಿ ಪಾದದ ಚಿತ್ರ ಪೂರ್ತಿ ತುಂಬಿದ್ದರೆ ಕಿರಿದಾದದ್ದು, ಬರೀ ಗೆರೆಯಿದ್ದರೆ ಅಗಲ. ನಮ್ಮವರ ಅಗಲ ಪಾದಕ್ಕೆ ಎರಡನೆಯದೇ ಸರಿ. ಸರಿಹೋಗಲಿಲ್ಲ ಎಂಬ ಕಾರಣಕ್ಕೆ ವಾಪಸ್ ತೆಗೆದುಕೊಳ್ಳಲೇಬೇಕೆಂಬ ಕಾನೂನು ಅಂಗಡಿಗಳಿಗಿಲ್ಲ, ಹಾಕಿ ನೋಡಿಯೇ ತನ್ನಿ. ಭಾನುವಾರ ಅಂಗಡಿ ಸಾಮಾನ್ಯವಾಗಿ ಮುಚ್ಚಿರುತ್ತವೆ.

ಇನ್ನು ತೆರಿಗೆ. ಬೆಲೆಯಲ್ಲೇ 19% ಸೇರಿದೆ (ತಿಂಡಿ, ಪುಸ್ತಕಕ್ಕೆ 7%). 119 ಯೂರೋ ಕೊಟ್ಟರೆ ಅದರಲ್ಲಿ ತೆರಿಗೆ 19. ತೆರಿಗೆ ವಾಪಸ್ ಕೊಡಿಸುವ ಏಜೆನ್ಸಿ ತನ್ನ ಶುಲ್ಕ ಮುರಿದುಕೊಳ್ಳುವುದರಿಂದ ಅಷ್ಟೂ ಬಾರದು. ಬಿಲ್ 50 ಯೂರೋ ದಾಟಿರಬೇಕು. ದುಡ್ಡು ಕೊಡುವ ಮೊದಲೇ 'ಟ್ಯಾಕ್ಸ್ ಫ್ರೀ' ಫಾರಂ ಕೇಳಿ, ಪಾಸ್‌ಪೋರ್ಟ್ ತೋರಿಸಿ. ಅಲ್ಲೇ ಓದುತ್ತಿರುವ ತಮ್ಮನ ಹೆಸರಿನಲ್ಲಿ ಮಾಡಿಸಿದರೆ ನಡೆಯದು, ರೆಸಿಡೆನ್ಸ್ ಪರ್ಮಿಟ್ ಇದ್ದವರು ಅಲ್ಲಿನ ನಿವಾಸಿಗಳ ಲೆಕ್ಕ.

ವಿಮಾನ ನಿಲ್ದಾಣದಲ್ಲಿ ಎಡವುವುದು ಕ್ರಮದಲ್ಲಿ. ಮೊದಲು ಚೆಕ್-ಇನ್ ಕೌಂಟರಿನಲ್ಲಿ ಬ್ಯಾಗಿನಲ್ಲಿ ಟ್ಯಾಕ್ಸ್ ಫ್ರೀ ಸಾಮಾನಿದೆ ಎನ್ನಿ. ಟ್ಯಾಗ್ ಹಾಕಿ ಬ್ಯಾಗ್ ವಾಪಸ್ ಕೊಡುತ್ತಾರೆ. ಅದನ್ನು 'ಝೋಲ್' ಎಂಬ ಕಸ್ಟಮ್ಸ್ ಕೌಂಟರಿಗೆ ಒಯ್ಯಿರಿ, ಬಳಸದ ಸಾಮಾನು ಮೇಲ್ಗಡೆಯೇ ಇರಲಿ, ತೆಗೆಸಿ ನೋಡಬಹುದು. ಮುದ್ರೆ ಒತ್ತಿ ಬ್ಯಾಗನ್ನು ಅವರೇ ಒಳಗೆ ಕಳಿಸುತ್ತಾರೆ. ಬ್ಯಾಗ್ ಬೆಲ್ಟ್ ಮೇಲೆ ಹೋದ ನಂತರ ನೆನಪಾದರೆ ಮುದ್ರೆಯ ಆಸೆ ಬಿಡಿ. ಪ್ಯಾರಿಸ್ ಅಥವಾ ಆಮ್‌ಸ್ಟರ್‌ಡ್ಯಾಮ್ ಮೂಲಕ ಮರಳುವುದಾದರೆ ಚೆಕ್-ಇನ್ ಬ್ಯಾಗಿನ ಸಾಮಾನಿಗೆ ಮುದ್ರೆ ಜರ್ಮನಿಯಲ್ಲೇ, ಕೈಬ್ಯಾಗಿನ ಸಾಮಾನಿಗೆ ಆ ಕೊನೆಯ ನಿಲ್ದಾಣದಲ್ಲಿ. ಸಾಲು ಉದ್ದವಿರುತ್ತದೆ, ಒಂದೂವರೆ ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ. ಫಾರಂ ಇರುವ ಲಕೋಟೆಯನ್ನು ಏಜೆನ್ಸಿಯ ಡಬ್ಬಿಗೆ ಹಾಕುವ ಮುನ್ನ ಮುದ್ರೆ ಕಾಣುವಂತೆ ಫೋಟೊ ತೆಗೆದಿಟ್ಟುಕೊಳ್ಳಿ, ದುಡ್ಡು ಬಾರದಿದ್ದರೆ ತೋರಿಸಲು ಬೇಕಾಗುತ್ತದೆ.