ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಪೆಟ್ಟಿಗೆಯಲ್ಲಿ ಕಮೊಡೋರ್ 64 ಆಟಗಳು ವೇಗವಾಗಿ ಓಡುತ್ತಿವೆ. ಸ್ಪೀಡನ್ನು ಶೇ. 85ಕ್ಕೆ ಇಳಿಸಿದರೆ ಶಬ್ದ ತುಂಡಾಗುತ್ತದೆ. ಯಾವ ಸೆಟ್ಟಿಂಗ್ ಬದಲಿಸಬೇಕು?

ನೀವು 85ಕ್ಕೆ ಇಳಿಸಿರುವ ಸ್ಪೀಡನ್ನು ಮೊದಲು ಶೇ. 100ಕ್ಕೇ ಮರಳಿಸಿ. ನಿಮ್ಮ ವೈಸ್ ಎಮ್ಯುಲೇಟರ್ (ಹಳೆಯ ಯಂತ್ರವನ್ನು ಅನುಕರಿಸುವ ಪ್ರೋಗ್ರಾಮ್) ಯುರೋಪಿನ ಆಟಗಳನ್ನು ಅಮೆರಿಕದ ಯಂತ್ರದ ಲೆಕ್ಕದಲ್ಲಿ ಓಡಿಸುತ್ತಿರುವಂತಿದೆ.

1982ರಲ್ಲಿ ಬಂದ ಮನೆಬಳಕೆಯ ಕಂಪ್ಯೂಟರ್ ಕಮೊಡೋರ್ 64, ಅಮೆರಿಕದ ಟಿವಿಗೆ ಎನ್‌ಟಿಎಸ್‌ಸಿ, ಯುರೋಪಿನ ಬಹುಪಾಲು ದೇಶಗಳಿಗೆ ಪಾಲ್ ಎಂದು ಎರಡು ಬಗೆಯಲ್ಲಿ ತಯಾರಾಗುತ್ತಿತ್ತು. (ನಮ್ಮ ದೂರದರ್ಶನದ್ದೂ ಪಾಲ್ ಪದ್ಧತಿಯೇ ಆಗಿತ್ತು.) ಪಾಲ್ ಯಂತ್ರ ಸೆಕೆಂಡಿಗೆ ಸುಮಾರು 50 ಬಾರಿ ತೆರೆಯನ್ನು ಬರೆದರೆ ಎನ್‌ಟಿಎಸ್‌ಸಿ ಯಂತ್ರ ಸುಮಾರು 60 ಬಾರಿ ಬರೆಯುತ್ತದೆ, ಬಹಳಷ್ಟು ಆಟಗಳು ತೆರೆಗೊಮ್ಮೆ ಸಂಗೀತವನ್ನು ಒಂದು ಹೆಜ್ಜೆ ಮುಂದೆ ಸರಿಸುವುದರಿಂದ ತಾಳ ಐದರಲ್ಲೊಂದು ಪಾಲು ಚುರುಕಾಗುತ್ತದೆ. ಶ್ರುತಿ ಮಾತ್ರ ಪ್ರೊಸೆಸರ್‌ನ ಗಡಿಯಾರವನ್ನು ಅನುಸರಿಸುತ್ತದೆ. ಅದು 985 ಕಿಲೋಹರ್ಟ್ಸ್‌ನಿಂದ 1023ಕ್ಕೆ ಹೋಗುವುದರಿಂದ ಶ್ರುತಿ ಶೇ. 4ರಷ್ಟೇ ಏರುತ್ತದೆ. ತುಮಕೂರಿನ ನಮ್ಮ ಮನೆಯಲ್ಲಿ ನಾನು ಇದನ್ನು ತಿಂಗಳುಗಟ್ಟಲೆ ಗಮನಿಸಿರಲಿಲ್ಲ. ಕೊನೆಗೆ, ವೀಣೆ ಕಲಿಯುತ್ತಿರುವ ಮಗಳು ಆಟದ ರಾಗವನ್ನು ಹಿಡಿಯಲು ಕುಳಿತು, "ಅಪ್ಪಾ, ಇದು ಯಾವ ಮೆಟ್ಟಿಲಿಗೂ ಕೂರುತ್ತಿಲ್ಲ" ಎಂದಳು. ತಾಳ ಒಂದು ಪ್ರಮಾಣದಲ್ಲಿ, ಶ್ರುತಿ ಇನ್ನೊಂದು ಪ್ರಮಾಣದಲ್ಲಿ ಏರಿರುವಾಗ ಸ್ಪೀಡ್ ಒಂದನ್ನೇ ಇಳಿಸಿ ಎರಡನ್ನೂ ಸರಿಪಡಿಸಲಾಗದು.

ಎಫ್12 ಒತ್ತಿ, ಮೆಷಿನ್ ಸೆಟ್ಟಿಂಗ್ಸ್‌ನಲ್ಲಿ ಮಾಡೆಲನ್ನು 'ಸಿ64 ಪಾಲ್' ಎಂದು ಬದಲಿಸಿ. ಪಾಲ್ ತೆರೆಗೆ 312 ಗೆರೆ, ಎನ್‌ಟಿಎಸ್‌ಸಿಗೆ 263 ಗೆರೆ ಇರುವುದರಿಂದ, ತೆರೆಯ ಅಂಚಿನಲ್ಲಿ ಚಿತ್ರ ಅದುರುತ್ತಿದ್ದರೆ ಅದೂ ಬಹುಶಃ ಇದರಿಂದಲೇ ನಿಲ್ಲುತ್ತದೆ. 'ಸಿ64ಸಿ ಪಾಲ್' ಆಯ್ದುಕೊಂಡರೆ ಸೌಂಡ್ ಚಿಪ್ 6581ರ ಬದಲು 8580 ಆಗುತ್ತದೆ. ಹಳೆಯ ಆಟಗಳಲ್ಲಿ ಮಾತಿನ ದನಿ ತೀರ ಕ್ಷೀಣಿಸಿದರೆ 6581ಕ್ಕೇ ಮರಳಿ. ಕೆಲವು ಡಿಸ್ಕ್‌ಗಳು ಲೋಡ್ ಆಗುವಾಗ ಅರ್ಧಕ್ಕೇ ನಿಂತರೆ, ಅವುಗಳ ಫಾಸ್ಟ್‌ಲೋಡರ್ (ಬೇಗ ಲೋಡ್ ಮಾಡುವ ಪುಟ್ಟ ಪ್ರೋಗ್ರಾಮ್) ಆ ಕಾಲದ 1541 ಡಿಸ್ಕ್ ಡ್ರೈವನ್ನು ಯಥಾವತ್ತಾಗಿ ಬಯಸುತ್ತದೆ ಎಂದರ್ಥ. ಡ್ರೈವ್ ಮೆನುವಿನಲ್ಲಿ ಟ್ರೂ ಡ್ರೈವ್ ಎಮ್ಯುಲೇಷನ್ ಆನ್ ಮಾಡಿ, ನಿಧಾನವನ್ನು ಸಹಿಸಿಕೊಳ್ಳಿ. ಜಾಯ್‌ಸ್ಟಿಕ್ ಪ್ರತಿಕ್ರಿಯಿಸದಿದ್ದರೆ ಪೋರ್ಟ್ 2ಕ್ಕೆ ಬದಲಿಸಿ ನೋಡಿ.

ಇಷ್ಟಾದ ಮೇಲೂ ಅಡ್ಡಕ್ಕೆ ಸರಿಯುವ ಹಿನ್ನೆಲೆ ತುಸು ತಡವರಿಸಿದರೆ ಟಿವಿಗೆ ಹೋಗುವ ಸಿಗ್ನಲ್ 60 ಹರ್ಟ್ಸ್ ಇರಬಹುದು. ಪೈಯ ಎಚ್‌ಡಿಎಂಐ ಔಟ್‌ಪುಟ್ಟನ್ನು 50 ಹರ್ಟ್ಸ್‌ಗೆ ಬದಲಿಸಿ. ಟಿವಿಯ ಗೇಮ್ ಮೋಡ್ ಸಹ ಆನ್ ಇರಲಿ. ಬದಲಾವಣೆಗಳೆಲ್ಲ ಮುಗಿದೊಡನೆ ಸೇವ್ ಕರೆಂಟ್ ಸೆಟ್ಟಿಂಗ್ಸ್ ಒತ್ತುವುದನ್ನು ಮರೆಯಬೇಡಿ. ನಮ್ಮಲ್ಲಿ ಒಂದು ಸಂಜೆ ಅದಕ್ಕೆ ಮೊದಲೇ ಕರೆಂಟ್ ಹೋಗಿ, ಇಷ್ಟನ್ನೂ ಮೊದಲಿನಿಂದ ಮಾಡಬೇಕಾಯಿತು.