ಬ್ಲೇಡ್ ಹಾಕಿದ ಪುಸ್ತಕಕ್ಕೆ ಸೆಲ್ಲೋಟೇಪ್ ಬೇಡ

ಮೇಡಂ, ಮಂಡ್ಯದ ನಿಮ್ಮ ಕಾಲೇಜಿನಲ್ಲಿ ಪರೀಕ್ಷೆ ಹೊತ್ತಿಗೆ ರೆಫರೆನ್ಸ್ ಪುಸ್ತಕಗಳ ಹಾಳೆ ಕತ್ತರಿಸಿ ಒಯ್ಯುತ್ತಿದ್ದಾರೆ, ಜೆರಾಕ್ಸ್ ಪುಟವನ್ನು ಸೆಲ್ಲೋಟೇಪಿನಿಂದ ಅಂಟಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಅದರ ಅಂಟು ಬರಬರುತ್ತ ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ. ಆಮೇಲೆ ತೆಗೆಯಹೋದರೆ ಅಕ್ಷರವೂ ಎದ್ದುಬರುತ್ತದೆ.

ಮೊದಲು ಹೊಲಿಗೆ ನೋಡಿ. ಹೊಲಿದ ಪುಸ್ತಕದಲ್ಲಿ ಒಂದು ಹಾಳೆಯನ್ನು ಮಡಿಕೆಯ ಬುಡಕ್ಕೇ ಕೊಯ್ದರೆ ಅದರ ಜೋಡಿ ಹಾಳೆಯೂ (ಅದೇ ಕಾಗದದ, ಮಡಿಕೆಯ ಆಚೆ ಬದಿಯದು) ಸಡಿಲವಾಗಿ ಬರಬರುತ್ತ ಉದುರುತ್ತದೆ. ಬ್ಲೇಡಿನ ಗೀರು ಕೆಳಗಿನ ಎರಡು ಮೂರು ಹಾಳೆಗೂ ತಾಗಿರುತ್ತದೆ, ಬೆರಳಾಡಿಸಿ ನೋಡಿ.

ಮಾನಸಗಂಗೋತ್ರಿಯ ಗ್ರಂಥಾಲಯದಲ್ಲಿ ಅದೇ ಆವೃತ್ತಿ ಇದೆಯೇ ವಿಚಾರಿಸಿ. ಆವೃತ್ತಿ ಬೇರೆಯಾದರೆ ಪುಟ ಹೊಂದುವುದಿಲ್ಲ. ಪ್ರತಿಯನ್ನು ಎರಡೂ ಬದಿ ತೆಗೆಸಿ. ಒಳ ಅಂಚಿಗೆ 3 ಮಿ.ಮೀ. ಅಗಲ ಮಾತ್ರ ಗೋಧಿ ಪಿಷ್ಟದ ಅಂಟು ಸವರಿ. 1 ಭಾಗ ಪಿಷ್ಟಕ್ಕೆ 5 ಭಾಗ ನೀರು, ಸಣ್ಣ ಉರಿಯಲ್ಲಿ ಕದಡುತ್ತ ಅರೆಪಾರದರ್ಶಕವಾಗುವವರೆಗೆ ಬೇಯಿಸಿ. ಅಂಟು ನೀರಾದರೆ ಅಂಚು ಸುಕ್ಕುಗಟ್ಟುತ್ತದೆ. ಎರಡೂ ಬದಿ ಮೇಣದ ಕಾಗದವಿಟ್ಟು ರಾತ್ರಿಯಿಡೀ ಭಾರ ಹೇರಿ. ಅಂಟು ಬೂಸ್ಟು ಹಿಡಿಯುತ್ತದೆ, ಉಳಿಸಿಕೊಳ್ಳಬೇಡಿ.

ಬಾಗಿಲಲ್ಲಿ ಕೂಗುವ ಗೇಟು ಇಡೀ ಪುಸ್ತಕವನ್ನು ಹಿಡಿಯುತ್ತದೆ, ಹರಿದ ಹಾಳೆಯನ್ನಲ್ಲ. ಹಾಗಾಗಿ ಬೇಡಿಕೆಯ ಪುಸ್ತಕಗಳನ್ನು ಪರೀಕ್ಷೆ ಮುಗಿಯುವವರೆಗೆ ಕೌಂಟರಿನ ಹಿಂದೆ ಇಟ್ಟು, ಗುರುತಿನ ಚೀಟಿ ಪಡೆದೇ ಕೊಡಿ. ಜೆರಾಕ್ಸ್ ಒಳಗೇ ಅಗ್ಗಕ್ಕೆ ಸಿಗಲಿ. ಮಕ್ಕಳು ಬ್ಲೇಡ್ ತರುವುದು ಬಹುಪಾಲು ಅದು ಸಿಗದಾಗಲೇ.

ನಷ್ಟವಾದ ಪುಸ್ತಕಕ್ಕೆ ಲೆಕ್ಕಪರಿಶೋಧನೆಯಲ್ಲಿ ಉತ್ತರಿಸಬೇಕೆಂಬ ಭಯಕ್ಕೆ: ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮ 215, ಬಳಕೆಯಾದ 1000 ಸಂಪುಟಕ್ಕೆ ವರ್ಷಕ್ಕೆ 5ರ ನಷ್ಟವನ್ನು ಸಹಜವೆಂದು ಒಪ್ಪುತ್ತದೆ, ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಇರಬಾರದಷ್ಟೆ. ನಿಮ್ಮ ಕಾಲೇಜಿಗೆ ಯಾವ ನಿಯಮ ಅನ್ವಯವೆಂದು ಪ್ರಾಂಶುಪಾಲರಿಂದ ಲಿಖಿತವಾಗಿ ಪಡೆಯಿರಿ.