ಮಲೆನಾಡಿನಲ್ಲಿ ಓಡುವ ಲಾರಿಗೆ ಯಾವ ಬಗೆಯ ಏರ್ ಸಸ್ಪೆನ್ಷನ್ ನಿಯಂತ್ರಣ ಸೂಕ್ತ? ಮಳೆಗಾಲದಲ್ಲಿ ಅದನ್ನು ನೋಡಿಕೊಳ್ಳುವುದು ಹೇಗೆ?

ಸಾಗರದಿಂದ ನೀವು ಕೇಳಿರುವುದರ ಸಾರ ಇಷ್ಟು: ಹಿಂದಿನ ಎರಡು ಆಕ್ಸಲ್‌ಗಳಿಗೆ ಏರ್ ಬೆಲ್ಲೋ ಇರುವ ಹತ್ತು ಚಕ್ರದ ಹಳೆಯ ಲಾರಿಯೊಂದನ್ನು ಕೊಂಡಿದ್ದೀರಿ, ಬೆಂಗಳೂರಿನಿಂದ ಗಾಜು ಮತ್ತು ಟೈಲ್ಸ್ ತರುತ್ತೀರಿ, ಹೋಗುವಾಗ ಅಡಿಕೆ ಮೂಟೆ ಒಯ್ಯುತ್ತೀರಿ, ರಾತ್ರಿ ನಿಲ್ಲಿಸಿದ ಗಾಡಿ ಬೆಳಗಾಗುವಷ್ಟರಲ್ಲಿ ಎಡಕ್ಕೆ ಕುಳಿತಿರುತ್ತದೆ. ಗ್ಯಾರೇಜಿನವರು ಈಗಿರುವ ಲೆವೆಲಿಂಗ್ ವಾಲ್ವ್‌ಗಳನ್ನು (ಗಾಡಿಯ ಎತ್ತರ ನೋಡಿ ತಾವಾಗಿಯೇ ಗಾಳಿ ತುಂಬುವ, ಬಿಡುವ ವಾಲ್ವ್‌ಗಳು) ಹೊಸದು ಮಾಡುವುದು, ಅವನ್ನು ತೆಗೆದು ಕ್ಯಾಬಿನ್ನಿನಲ್ಲಿ ಕೈ ಸ್ವಿಚ್ ಕೊಡುವುದು, ಇಲ್ಲವೇ ಪೂರ್ತಿ ಎಲೆಕ್ಟ್ರಾನಿಕ್ ನಿಯಂತ್ರಣಕ್ಕೆ ಬದಲಿಸುವುದು ಎಂಬ ಮೂರು ದಾರಿಗಳನ್ನು ಹೇಳಿದ್ದಾರೆ. ಶಿವಮೊಗ್ಗದಲ್ಲಿ ನಮ್ಮ ಮನೆಯವರು ನಡೆಸುವ ನಾಲ್ಕು ಲಾರಿಗಳ ದುರಸ್ತಿಯ ಹೊಣೆ ನನ್ನ ಮೇಲಿದ್ದು, ಅವುಗಳಲ್ಲಿ ಎರಡಕ್ಕೆ ಏರ್ ಸಸ್ಪೆನ್ಷನ್ ಇದೆ. ಆ ಅನುಭವದಿಂದ ಹೇಳುವುದಾದರೆ ನಾನು ಮೊದಲನೆಯದನ್ನೇ ಆರಿಸುತ್ತೇನೆ. ಆದರೆ ಹೊಸ ವಾಲ್ವ್ ಕೊಳ್ಳುವ ಮೊದಲು ಮಾಡಬೇಕಾದ ಪರೀಕ್ಷೆಯೊಂದಿದೆ. ಅದನ್ನು ಕೊನೆಯಲ್ಲಿ ಬರೆದಿದ್ದೇನೆ.

ಬೆಲ್ಲೋ ಎಂದರೆ ಒಳಗೆ ಗಾಳಿ ತುಂಬಿದ ದಪ್ಪ ರಬ್ಬರಿನ ಚೀಲ, ಅಷ್ಟೇ. ಅದು ಹೊರುವ ಭಾರ ಒಳಗಿನ ಒತ್ತಡಕ್ಕೆ ತಕ್ಕಂತೆ ಏರಿಳಿಯುತ್ತದೆ. ಪರಿಣಾಮಕಾರಿ ವ್ಯಾಸ 30 ಸೆಂಟಿಮೀಟರ್ ಇರುವ ಚೀಲದಲ್ಲಿ 5 ಬಾರ್ (ಗ್ಯಾರೇಜಿನ ಮಾತಿನಲ್ಲಿ ಐದು ಕೆಜಿ) ಒತ್ತಡವಿದ್ದರೆ ಅದು ಸುಮಾರು ಮೂರೂವರೆ ಟನ್ ಹೊರುತ್ತದೆ. ಸರಕು ಇಳಿಸಿದ ಮೇಲೆ ಅದೇ ಚೀಲಕ್ಕೆ ಅದರ ಒಂದು ಪಾಲು ಒತ್ತಡ ಸಾಕು. ಕಮಾನು ಪಟ್ಟಿಯ ಲಾರಿ ಖಾಲಿಯಾಗಿ ಬರುವಾಗ ಹಾರಿ ಹಾರಿ ಬೀಳುವುದಕ್ಕೆ ಕಾರಣ, ತುಂಬಿದ ಭಾರಕ್ಕೆಂದು ಮಾಡಿದ ಪಟ್ಟಿಯ ಗಡಸುತನ ಭಾರ ಇಳಿದ ಮೇಲೂ ಕಡಿಮೆಯಾಗದಿರುವುದು. ಗಾಳಿಯ ಚೀಲದ ಗಡಸುತನ ಭಾರದ ಜೊತೆಗೇ ತಗ್ಗುತ್ತದೆ, ಆದರೆ ಒತ್ತಡವನ್ನು ಭಾರಕ್ಕೆ ಸರಿಯಾಗಿ ಯಾರೋ ಏರಿಸಿ ಇಳಿಸುತ್ತಿದ್ದರೆ ಮಾತ್ರ. ಆ ಕೆಲಸವನ್ನು ಯಾರಿಗೆ ಒಪ್ಪಿಸಬೇಕು ಎಂಬುದೇ ನಿಮ್ಮ ಪ್ರಶ್ನೆ.

ಕೈ ಸ್ವಿಚ್ ಪದ್ಧತಿಯಲ್ಲಿ ಅದು ಡ್ರೈವರ್ ಮೇಲೆ ಬೀಳುತ್ತದೆ. ಗಾಡಿ ಖಾಲಿಯಿದ್ದಾಗ ನೆಲದಿಂದ ಮೇಲೆತ್ತಿಡುವ ಲಿಫ್ಟ್ ಆಕ್ಸಲ್‌ಗೆ ಈ ಪದ್ಧತಿ ಸರಿ, ಏಕೆಂದರೆ ಅಲ್ಲಿ ಬೇಕಾಗಿರುವುದು ಎತ್ತುವುದು ಮತ್ತು ಇಳಿಸುವುದು ಎಂಬ ಎರಡೇ ಕೆಲಸ. ಯಾವಾಗಲೂ ನೆಲದ ಮೇಲಿರುವ ಆಕ್ಸಲ್‌ಗೆ ಇದು ಒಗ್ಗುವುದಿಲ್ಲ. ಮಧ್ಯರಾತ್ರಿ ಗೋದಾಮಿನಲ್ಲಿ ಸರಕು ಇಳಿಸಿದ ಮೇಲೆ ಗಾಳಿ ಬಿಡಲು ಡ್ರೈವರ್ ಮರೆತರೆ ಚಾಸಿ ಮೇಲೆದ್ದು, ಶಾಕ್ ಅಬ್ಸಾರ್ಬರ್‌ಗಳು ತಮ್ಮ ಉದ್ದದ ಕೊನೆಗೆ ಎಳೆದು ನಿಲ್ಲುತ್ತವೆ. ಇಂಥ ಗಾಡಿಗಳಲ್ಲಿ ಚೀಲ ಮಿತಿಮೀರಿ ಹಿಗ್ಗದಂತೆ ಹಿಡಿದಿಡುವುದು ಶಾಕ್ ಅಬ್ಸಾರ್ಬರೇ ಆದ್ದರಿಂದ ಅದರ ಬೋಲ್ಟ್ ತುಂಡಾದರೆ ಮುಂದಿನ ಸರದಿ ಚೀಲದ್ದು.

ಎಲೆಕ್ಟ್ರಾನಿಕ್ ವ್ಯವಸ್ಥೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಚಾಸಿಯ ಎತ್ತರವನ್ನು ಸೆನ್ಸರ್ ಅಳೆಯುತ್ತದೆ, ಕಂಟ್ರೋಲ್ ಯೂನಿಟ್ ಲೆಕ್ಕ ಹಾಕುತ್ತದೆ, ವಿದ್ಯುತ್ತಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್‌ಗಳು ಗಾಳಿಯನ್ನು ಬಿಡುತ್ತವೆ ಇಲ್ಲವೇ ತಡೆಯುತ್ತವೆ. ರಿಮೋಟಿನಿಂದ ಗಾಡಿಯನ್ನು ಗೋದಾಮಿನ ಕಟ್ಟೆಯ ಎತ್ತರಕ್ಕೆ ಹೊಂದಿಸಬಹುದು. ಚಿಕ್ಕಪುಟ್ಟ ಅಲುಗಾಟಕ್ಕೆಲ್ಲ ಗಾಳಿ ಖರ್ಚಾಗುವುದಿಲ್ಲ. ಕಂಟೇನರ್ ಎತ್ತಿ ಇಳಿಸುವವರಿಗೆ ಅದರ ಬೆಲೆ ಗಿಟ್ಟುತ್ತದೆ. ನಿಮ್ಮ ಗಾಡಿ ಮಾತ್ರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಸರಿನಲ್ಲೇ ಇರುತ್ತದೆ. ಕನೆಕ್ಟರಿನ ಪಿನ್ನಿಗೆ ಹಸಿರು ಕಿಲುಬು ಕಟ್ಟಿದರೆ, ಇಲ್ಲವೇ ಅಡಿಕೆ ಗೋದಾಮಿನ ಇಲಿಗಳು ವೈರ್ ಕಡಿದರೆ, ದೋಷ ಓದುವ ಯಂತ್ರ ಇರುವ ಕಡೆಗೆ ಗಾಡಿಯನ್ನು ಒಯ್ಯಲೇಬೇಕಾಗುತ್ತದೆ. ಲೆವೆಲಿಂಗ್ ವಾಲ್ವ್ ಆದರೆ ತರೀಕೆರೆಯಲ್ಲೋ ಕಡೂರಿನಲ್ಲೋ ರಸ್ತೆ ಬದಿಯಲ್ಲಿ ನಿಲ್ಲಿಸಿ ಎರಡು ಸ್ಪ್ಯಾನರ್‌ಗಳಲ್ಲಿ ಬದಲಿಸಬಹುದು.

ಆ ವಾಲ್ವ್ ಚಾಸಿಯ ಮೇಲೆ ಕುಳಿತಿರುತ್ತದೆ. ಅದರ ತೋಳು ಒಂದು ಸರಳಿನ ಮೂಲಕ ಆಕ್ಸಲ್‌ಗೆ ಕೂಡಿಕೊಂಡಿರುತ್ತದೆ. ಭಾರ ಬಿದ್ದು ಚಾಸಿ ತಗ್ಗಿದಾಗ ತೋಳು ಮೇಲಕ್ಕೆ ತಿರುಗಿ ಗಾಳಿ ಒಳಗೆ ಹೋಗುತ್ತದೆ, ಚಾಸಿ ಎದ್ದಾಗ ಹೊರಗೆ ಹೋಗುತ್ತದೆ, ನಡುವಿನ ಸ್ಥಾನದಲ್ಲಿ ಎರಡೂ ಮುಚ್ಚಿರುತ್ತವೆ. ಹಿಂದಿನ ಜೋಡಿ ಆಕ್ಸಲ್‌ಗೆ ಎಡಕ್ಕೊಂದು ಬಲಕ್ಕೊಂದು ಎಂದು ಎರಡು ವಾಲ್ವ್ ಇರುವುದು ನಮ್ಮ ಘಾಟಿ ರಸ್ತೆಗಳಿಗೆ ಒಳ್ಳೆಯದು. ಒಂದೇ ವಾಲ್ವ್‌ನಿಂದ ದಪ್ಪ ಪೈಪಿನಲ್ಲಿ ಎರಡೂ ಕಡೆಯ ಚೀಲಗಳನ್ನು ಜೋಡಿಸಿದ್ದರೆ ಉದ್ದನೆಯ ತಿರುವಿನಲ್ಲಿ ಹೊರಬದಿಯ ಚೀಲದ ಗಾಳಿ ಒಳಬದಿಯ ಚೀಲಕ್ಕೆ ದಾಟಿ ಗಾಡಿ ಇನ್ನಷ್ಟು ವಾಲುತ್ತದೆ; ಎತ್ತರಕ್ಕೆ ಅಡಿಕೆ ಮೂಟೆ ಪೇರಿಸಿದ್ದರೆ ಆ ವಾಲಾಟ ಡ್ರೈವರ್‌ಗೆ ಸೀಟಿನಲ್ಲೇ ತಿಳಿಯುತ್ತದೆ. ಹಾಗೆಂದು ಪ್ರತಿ ಚೀಲಕ್ಕೊಂದು ವಾಲ್ವ್ ಹಾಕಿಸಬೇಡಿ. ಒಂದು ತುಂಬುವಾಗ ಇನ್ನೊಂದು ಖಾಲಿ ಮಾಡುತ್ತಾ ಅವು ತಮ್ಮೊಳಗೇ ಜಗಳವಾಡುತ್ತವೆ, ಕಂಪ್ರೆಸರ್‌ಗೆ ಬಿಡುವೇ ಇರುವುದಿಲ್ಲ.

ಯಾವ ವಾಲ್ವ್ ಹಾಕಿಸಿದರೂ ಏರ್ ಟ್ಯಾಂಕಿನಿಂದ ಸಸ್ಪೆನ್ಷನ್ನಿಗೆ ಹೋಗುವ ಪೈಪಿನ ಆರಂಭದಲ್ಲಿ ಪ್ರೆಷರ್ ಪ್ರೊಟೆಕ್ಷನ್ ವಾಲ್ವ್ ಇದೆಯೇ ಎಂಬುದನ್ನು ಸ್ವತಃ ಗಾಡಿಯ ಕೆಳಗೆ ಬಗ್ಗಿ ನೋಡಿ. ಗಾಳಿ ಬ್ರೇಕಿಗೆ ಮೊದಲು, ಚೀಲಕ್ಕೆ ಆಮೇಲೆ. ಒತ್ತಡ ನಿಗದಿತ ಮಟ್ಟಕ್ಕಿಂತ ಕೆಳಗೆ ಬಂದರೆ ಸಸ್ಪೆನ್ಷನ್ನಿನ ದಾರಿಯನ್ನು ಮುಚ್ಚಿ ಬ್ರೇಕಿನ ಗಾಳಿಯನ್ನು ಉಳಿಸುವುದು ಈ ಚಿಕ್ಕ ವಾಲ್ವ್‌ನ ಕೆಲಸ. ಕೆಲವು ವರ್ಷಗಳ ಹಿಂದೆ ಒಂದು ಗ್ಯಾರೇಜಿನವರು ಪೈಪ್ ಬದಲಿಸುವಾಗ ಅದನ್ನು ಕಳಚಿಟ್ಟು ನೇರ ಜೋಡಿಸಿದ್ದರು. ನಾನೂ ಪರಿಶೀಲಿಸದೆ ಗಾಡಿ ಬಿಡಿಸಿಕೊಂಡು ಬಂದೆ. ಆಗುಂಬೆ ಘಾಟಿಯಲ್ಲಿ ಭಾರಿ ವಾಹನಗಳಿಗೆ ನಿರ್ಬಂಧ ಇರುವುದರಿಂದ ನಮ್ಮ ಗಾಡಿಗಳು ಕರಾವಳಿಗೆ ಹುಲಿಕಲ್ ಘಾಟಿಯ ಮೂಲಕ ಹೋಗಿ ಬರುತ್ತವೆ. ಅಂದು ಹೊಸಂಗಡಿಯ ಕಡೆಯಿಂದ ಹತ್ತುವಾಗ ಚೂಪಾದ ಕಲ್ಲೊಂದು ಸಿಡಿದು ಬಲಬದಿಯ ಚೀಲ ಹರಿಯಿತು. ಡ್ರೈವರ್ ಪಕ್ಕದಲ್ಲಿ ನಾನೇ ಕುಳಿತಿದ್ದೆ. ಒತ್ತಡದ ಮೀಟರಿನಲ್ಲಿ ಎಂಟರ ಮೇಲಿದ್ದ ಮುಳ್ಳು ಎರಡು ತಿರುವು ದಾಟುವುದರೊಳಗೆ ಐದರ ಹತ್ತಿರ ಬಂತು, ಬಜರ್ ಕೂಗತೊಡಗಿತು, ಆಮೇಲೆ ಗಾಳಿ ಕಡಿಮೆಯಾದರೆ ತಾನಾಗಿಯೇ ಹಿಡಿಯುವ ಸ್ಪ್ರಿಂಗ್ ಬ್ರೇಕ್ ಕಚ್ಚಿಕೊಂಡು ಗಾಡಿ ಏರಿನ ನಡುವೆ ನಿಂತೇಬಿಟ್ಟಿತು. ಹಿಂದೆ ಬಸ್ಸುಗಳ ಸಾಲು, ಮೇಲೆ ಜಡಿಮಳೆ. ಹರಿದ ಚೀಲದ ಪೈಪನ್ನು ಕಳಚಿ, ಬಾಯಿಗೆ ಪ್ಲಗ್ ಬಿಗಿದು, ಟ್ಯಾಂಕ್ ತುಂಬುವವರೆಗೆ ಎಂಜಿನ್ ಓಡಿಸಿ, ಚೀಲದೊಳಗಿನ ರಬ್ಬರ್ ದಿಂಡಿನ ಮೇಲೆಯೇ ಕೂರಿಸಿಕೊಂಡು ಆಮೆ ನಡಿಗೆಯಲ್ಲಿ ಮಾಸ್ತಿಕಟ್ಟೆ ಸೇರಿದೆವು. ಅಂದಿನಿಂದ ಪ್ಲಗ್, ಪುಷ್ ಕನೆಕ್ಟರ್ ಮತ್ತು ಎರಡು ಮೀಟರ್ ನೈಲಾನ್ ಪೈಪ್ ನಮ್ಮ ಎಲ್ಲ ಗಾಡಿಗಳ ಟೂಲ್ ಬಾಕ್ಸಿನಲ್ಲಿ ಇರುತ್ತವೆ.

ಇನ್ನು ನಿರ್ವಹಣೆ. ಇದರಲ್ಲಿ ಮುಕ್ಕಾಲು ಪಾಲು ನೀರಿನ ವಿಚಾರ. ವಾರ್ಷಿಕ ಸರಾಸರಿ ಮಳೆ 7,000 ಮಿ.ಮೀ. ಮೀರುವ ಆಗುಂಬೆಯಂಥ ಊರುಗಳ ಸುತ್ತಮುತ್ತ ಕಂಪ್ರೆಸರ್ ಎಳೆದುಕೊಳ್ಳುವ ಗಾಳಿಯೇ ಒದ್ದೆ. ಅದನ್ನು ಒತ್ತಿ ತಣಿಸಿದಾಗ ತೇವದ ಬಹುಪಾಲು ನೀರಾಗುತ್ತದೆ. ಏರ್ ಡ್ರೈಯರಿನ ಮಣಿಗಳು ಅದನ್ನು ಹೀರಿಕೊಂಡು, ಒತ್ತಡ ತುಂಬಿದಾಗಲೊಮ್ಮೆ 'ಪುಸ್' ಎಂಬ ಸದ್ದಿನೊಂದಿಗೆ ಹೊರಗೆ ಉಗುಳುತ್ತವೆ. ಆ ಸದ್ದು ಕೇಳಿಸದಿದ್ದರೆ ಡ್ರೈಯರ್ ಕೆಲಸ ನಿಲ್ಲಿಸಿದೆ ಎಂದು ಡ್ರೈವರ್‌ಗೆ ಹೇಳಿಕೊಡಿ. ಸಸ್ಪೆನ್ಷನ್ ಇರುವ ಗಾಡಿ ಹೆಚ್ಚು ಗಾಳಿ ಬಳಸುವುದರಿಂದ ಡ್ರೈಯರಿನ ದುಡಿಮೆಯೂ ಹೆಚ್ಚು. ನಾನು ಅದರ ಕಾರ್ಟ್ರಿಜ್ಜನ್ನು (ಮಣಿಗಳಿರುವ ಡಬ್ಬಿಯನ್ನು) ಕಿಲೋಮೀಟರ್ ಲೆಕ್ಕ ನೋಡದೆ ಪ್ರತಿ ವರ್ಷ ಮೇ ತಿಂಗಳಲ್ಲಿ, ಮುಂಗಾರಿಗೆ ಮುಂಚೆ ಬದಲಿಸುತ್ತೇನೆ. ಟ್ಯಾಂಕಿನ ಡ್ರೈನ್ ವಾಲ್ವನ್ನು ಮಳೆಗಾಲದಲ್ಲಿ ದಿನವೂ ಎಳೆಯಬೇಕು, ಎಳೆಯುವಾಗ ಕೆಳಗೆ ಒಂದು ಬಿಳಿ ಬಟ್ಟೆ ಹಿಡಿಯಬೇಕು. ಬರೀ ಗಾಳಿ ಬಂದರೆ ಚಿಂತೆಯಿಲ್ಲ. ತಿಳಿನೀರು ಬಂದರೆ ಡ್ರೈಯರ್ ಸೋತಿದೆ. ಹಾಲು ಹೆಚ್ಚಾದ ಕಾಫಿಯಂತಹ ಬಣ್ಣದ ಅಂಟು ಬಂದರೆ ನೀರಿನ ಜೊತೆ ಎಣ್ಣೆಯೂ ಸೇರಿದೆ, ಅಂದರೆ ಕಂಪ್ರೆಸರಿನ ರಿಂಗ್ ಸವೆದಿರಬಹುದು. ಅದನ್ನು ಸರಿಪಡಿಸದೆ ಹೊಸ ವಾಲ್ವ್ ಹಾಕಿಸಿದರೆ ಅದೂ ಕೆಲವೇ ತಿಂಗಳಲ್ಲಿ ಅಂಟಿಕೊಳ್ಳುತ್ತದೆ.

ಚೀಲದ ಮಡಿಕೆಯಲ್ಲಿ ಸೇರುವ ಕೆಮ್ಮಣ್ಣು ಮತ್ತು ಜಲ್ಲಿ ಚೂರು ಒಣಗಿದ ಮೇಲೆ ಮರಳು ಕಾಗದದಂತೆ ರಬ್ಬರನ್ನು ತಿನ್ನುತ್ತವೆ, ಆದ್ದರಿಂದ ವಾರಕ್ಕೊಮ್ಮೆ ತೊಳೆಸಿ. ಬರೀ ನೀರು ಮತ್ತು ಸೋಪು ಸಾಕು. ನಮ್ಮ ಕಡೆ ಗಾಡಿಯ ಕೆಳಭಾಗಕ್ಕೆ ಡೀಸೆಲ್ ಹೊಡೆಯುವ ಅಭ್ಯಾಸ ಇದೆಯಲ್ಲ, ಅದನ್ನು ಈ ಗಾಡಿಗೆ ಕಡ್ಡಾಯವಾಗಿ ನಿಲ್ಲಿಸಬೇಕು. ಡೀಸೆಲ್ ತಾಗಿದ ರಬ್ಬರ್ ಉಬ್ಬಿ ಮೆದುವಾಗುತ್ತದೆ. ಲಾರಿಯ ಮೈಗೆ ವೆಲ್ಡಿಂಗ್ ಮಾಡಿಸುವಾಗ ಚೀಲಗಳಿಗೆ ಒದ್ದೆ ಗೋಣಿಚೀಲ ಹೊದಿಸಿ. ಬೆಳಿಗ್ಗೆ ಟ್ಯಾಂಕ್ ತುಂಬಿ ಚಾಸಿ ತನ್ನ ಎತ್ತರಕ್ಕೆ ಏಳುವವರೆಗೆ ಗಾಡಿ ಕದಲಿಸಬಾರದು.

ಚಾಸಿಯ ಎತ್ತರದ ಅಳತೆ ಲಾರಿ ತಯಾರಕರ ಸರ್ವಿಸ್ ಪುಸ್ತಕದಲ್ಲಿರುತ್ತದೆ. 'ಸ್ವಲ್ಪ ಎತ್ತರಿಸಿದರೆ ರಸ್ತೆಯ ಉಬ್ಬಿಗೆ ಬಡಿಯುವುದಿಲ್ಲ' ಎಂದು ವಾಲ್ವ್‌ನ ಸರಳನ್ನು ಉದ್ದ ಮಾಡಿಸುವವರನ್ನು ನೋಡಿದ್ದೇನೆ. ಚಾಸಿ ಎದ್ದಷ್ಟೂ ಎಂಜಿನ್ನಿನ ಶಕ್ತಿಯನ್ನು ಹಿಂದಿನ ಆಕ್ಸಲ್‌ಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನ ತಪ್ಪಿ, ನಡುಕ ಶುರುವಾಗಿ, ಜಾಯಿಂಟ್ ಕ್ರಾಸ್ ಬೇಗ ಸವೆಯುತ್ತದೆ. ಎಲೆಕ್ಟ್ರಾನಿಕ್‌ಗೆ ಹೋಗಲು ನಿರ್ಧರಿಸಿದರೂ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ಏಕೆಂದರೆ ನೋಂದಣಿ ಪತ್ರದ ವಿವರಕ್ಕೆ ಹೊಂದದ ಬದಲಾವಣೆಯನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ.

ಈಗ ಆ ಪರೀಕ್ಷೆ. ಸಂಜೆ ಖಾಲಿ ಗಾಡಿಯನ್ನು ಸಮತಟ್ಟಾದ ಕಾಂಕ್ರೀಟಿನ ಮೇಲೆ ನಿಲ್ಲಿಸಿ. ನೆಲ ಓರೆಯಾಗಿದ್ದರೆ ವಾಲ್ವ್ ತಾನಾಗಿಯೇ ಗಾಳಿ ಬಿಟ್ಟು ನಿಮ್ಮನ್ನು ದಾರಿ ತಪ್ಪಿಸುತ್ತದೆ. ಒತ್ತಡ ಪೂರ್ತಿ ತುಂಬಿಸಿ ಎಂಜಿನ್ ನಿಲ್ಲಿಸಿ. ಚಾಸಿಯ ಕೆಳಗೆ ಸ್ಟ್ಯಾಂಡ್ ಕೊಡದೆ, ಬರೀ ಗಾಳಿಯ ಮೇಲೆ ನಿಂತಿರುವ ಗಾಡಿಯ ಅಡಿಗೆ ಯಾರೂ ನುಗ್ಗಬಾರದು. ನಂತರ ಎಡಬದಿಯ ವಾಲ್ವ್‌ನ ಗಾಳಿ ಹೊರಬೀಳುವ ರಂಧ್ರ, ಪೈಪಿನ ಎರಡೂ ತುದಿ, ಚೀಲದ ಮೇಲಿನ ಅಂಚು ಮತ್ತು ಕೆಳಗಿನ ಮಡಿಕೆ, ಇಷ್ಟಕ್ಕೂ ಸೋಪಿನ ನೊರೆಯನ್ನು ಬ್ರಷ್‌ನಿಂದ ಹಚ್ಚಿ ಐದು ನಿಮಿಷ ಕಾಯಿರಿ. ತೋಳು ನಡುವಿನ ಸ್ಥಾನದಲ್ಲಿದ್ದೂ ವಾಲ್ವ್‌ನ ರಂಧ್ರದಲ್ಲಿ ಗುಳ್ಳೆ ಎದ್ದರೆ ಗ್ಯಾರೇಜಿನವರ ಮಾತು ಸರಿ, ವಾಲ್ವ್ ಬದಲಿಸಿ. ಮಡಿಕೆಯಲ್ಲಿ ಎದ್ದರೆ ಬೇಕಾಗಿರುವುದು ಒಂದು ಚೀಲ. ಪೈಪಿನ ತುದಿಯಲ್ಲಿ ಎದ್ದರೆ ತುದಿಯನ್ನು ನೇರವಾಗಿ ಕತ್ತರಿಸಿ ಹೊಸ ಕನೆಕ್ಟರಿಗೆ ಒತ್ತಿದರೆ ಮುಗಿಯಿತು. ನಮ್ಮ ಎರಡು ಗಾಡಿಗಳಲ್ಲಿ ಇದುವರೆಗೆ ಹೆಚ್ಚು ಸಲ ಸಿಕ್ಕಿರುವುದು ಈ ಮೂರನೆಯದೇ.